ಹರಿಹರಕ್ಕೆ ಒಂದು ದಿನ ಮೊದಲು

ನಮ್ಮ ಮಾಮ ಹುಟ್ಟಿದಾಗ ಅತ್ತಿರಲಿಕ್ಕಿಲ್ಲ ಎಂಬುದು ನನ್ನ ಬಲವಾದ ಗುಮಾನಿ. ಅಳು ಬರುತ್ತಿದೆ ಎಂಬುದಕ್ಕೆ ಒಂದು ಸುಳಿವು ಕೊಟ್ಟು, ತಾಕತ್ತಿದ್ದರೆ ಬಿಡಿಸಲಿ ಎಂದು ಸೂಲಗಿತ್ತಿಯ ಮುಖ ನೋಡುತ್ತ ಮಲಗಿರಬೇಕು! ನಾನು ಕಂಡಂತೆ ಆ ಮನುಷ್ಯ ಹಸಿವನ್ನು ಹಸಿವು ಎಂದವನಲ್ಲ, ನೀರನ್ನು ನೀರು ಎಂದು ಕೇಳಿದವನಲ್ಲ. ಎಲ್ಲಕ್ಕೂ ಸುತ್ತುಬಳಸು. ನನ್ನ ಬಾಳನ್ನೂ ಹಾಗೇ ಸುತ್ತಿ ಬಳಸಿ ಒಂದು ದಡಕ್ಕೆ ಹಾಕಿದ. ಆ ಕಥೆ ಹೇಳುತ್ತೇನೆ. ನಿಮಗೆ ನಗು ಬಂದರೆ ನಗಿ, ನನಗೆ ಬಹಳ ವರ್ಷ ಬರಲಿಲ್ಲ.

ಮಾಮ ಎಂದರೆ ಅಮ್ಮನ ಒಬ್ಬನೇ ತಮ್ಮ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ದಾವಣಗೆರೆಗೆ ಬಂದು, ವಿದ್ಯಾನಗರದಲ್ಲಿ ಮಾಮ ಹಿಡಿದಿದ್ದ ಬಾಡಿಗೆ ಮನೆ ಸೇರಿದಳು. ಮಾಮ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಬೀಡಿ, ಸಿಗರೇಟು, ಇಸ್ಪೀಟು ಯಾವುದೂ ಇಲ್ಲ. ಅಂಥ ಚಟವೇನಾದರೂ ಇದ್ದಿದ್ದರೆ ಬಿಡಿಸಬಹುದಿತ್ತೇನೋ. ಅವನಿಗೆ ಇದ್ದದ್ದು ಪದಬಂಧದ ಹುಚ್ಚು.

ಪದಬಂಧ ಎಂದರೆ ಮಕ್ಕಳ ಆಟ ಎಂದುಕೊಳ್ಳಬೇಡಿ. ಹುಬ್ಬಳ್ಳಿಯ ಕಡೆಯಿಂದ ಒಂದು ವಾರಪತ್ರಿಕೆ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ಕಪ್ಪು ಬಿಳಿ ಚೌಕಗಳು, ಪಕ್ಕದಲ್ಲಿ ಸುಳಿವುಗಳು. ನೆಟ್ಟಗೆ ಅರ್ಥ ಹೇಳುವ ಸುಳಿವುಗಳಲ್ಲ ಅವು. ಪದದ ತಲೆ ಕಡಿದು, ಬಾಲ ಅಂಟಿಸಿ, ಹಿಂದುಮುಂದು ತಿರುಗಿಸಿ, ಓದಿದವನನ್ನು ಅಡ್ಡದಾರಿಗೆ ಕಳಿಸುವಂಥವು. "ದೀರ್ಘ ಕಳೆದುಕೊಂಡ ಹಾವು ಪೇಟೆ" ಎಂದಿದ್ದರೆ ನಾಗರದ ದೀರ್ಘ ಕಿತ್ತು ನಗರ ಎಂದು ಬರೆಯಬೇಕು. "ಯುದ್ಧದ ಬಾಲಕ್ಕೆ ಷಡ್ಜ ಹಚ್ಚಿದರೆ ಹೊಂದಾಣಿಕೆ" ಎಂದರೆ ಸಮರಕ್ಕೆ ಒಂದು 'ಸ' ಸೇರಿಸಿ ಸಮರಸ. ಇಂಥ ಸುಳಿವು ಬರೆಯುವವನಿಗೆ ಮನೆಯಲ್ಲಿ ಊಟ ಸರಿಯಾಗಿ ಹಾಕುತ್ತಿರಲಿಲ್ಲ ಎಂದು ಅಮ್ಮನ ಅಭಿಪ್ರಾಯ.

ಪುಟದಲ್ಲಿದ್ದದ್ದು ಪುಟದಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮಾಮ ಅದನ್ನು ಅಡುಗೆಮನೆಗೂ ತಂದ. ಒಂದು ಬೆಳಿಗ್ಗೆ ಒಲೆಯ ಮುಂದೆ ಬಂದು ನಿಂತು, "ಅಕ್ಕಾ, ಅವ ಅದೃಷ್ಟವಂತ ಅಂತ ಅರ್ಧ ಇಂಗ್ಲಿಷಿನಾಗೆ ಹೊಗಳಿದ್ರೆ ಇವತ್ತಿನ ತಿಂಡಿ" ಎಂದ. ಅವ, ಲಕ್ಕಿ. ಅವಲಕ್ಕಿ ಬೇಕಂತೆ! ಅಮ್ಮ ತಿರುಗಿ ನೋಡದೆ, "ಯಾರೋ ಅದೃಷ್ಟವಂತರು? ನಿನ್ನ ಕಟ್ಟಿಕೊಳ್ಳದೆ ಉಳಿದ ಹುಡುಗಿಯಾ?" ಎಂದು ಹಿಂದಿನ ರಾತ್ರಿಯ ರೊಟ್ಟಿಯನ್ನೇ ತಟ್ಟೆಗೆ ಹಾಕಿದಳು.

ಇನ್ನೊಂದು ಸಲ ಬೆಳಗಿನ ಜಾವ ಚೊಂಬು ಹಿಡಿದು ಹಿತ್ತಲಿಗೆ ಹೊರಟಿದ್ದ. ಪಕ್ಕದ ಮನೆಯ ಯಜಮಾನರು ಸುಮ್ಮನಿರಲಾರದೆ "ಎಲ್ಲಿಗೆ ಹೊಂಟ್ರಿ?" ಎಂದರು. "ಕಮಲದ ತಲೆ ಕಡಿದು ಬರ್ತೀನ್ರಿ" ಎಂದ ಮಾಮ. ಕಮಲದಿಂದ 'ಕ' ತೆಗೆದರೆ ಏನು ಉಳಿಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಪಾಪ, ದೈವಭಕ್ತರಾದ ಆ ಯಜಮಾನರು, "ಹಂಗಾರೆ ನಮ್ಮ ಪೂಜಿಗೂ ಎರಡು ತರ್ರಿ" ಎಂದುಬಿಟ್ಟರು!

ನನಗೆ ಅಕ್ಷರ ಬರೆಯಲು ಬಂದ ಕೂಡಲೇ ಮಾಮ ನನ್ನನ್ನು ಎದುರು ಕೂರಿಸಿಕೊಂಡು ಪದಬಂಧ ಕಲಿಸಿದ. "ಸುಳಿವು ಏನು ಹೇಳ್ತೈತೆ ಅಂತ ನೋಡಬ್ಯಾಡ, ಏನು ಮಾಡ್ತೈತೆ ನೋಡು" ಎನ್ನುತ್ತಿದ್ದ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅವನಿಗಿಂತ ಬೇಗ ಬಿಡಿಸುತ್ತಿದ್ದೆ. ಆಗ ಮಾಮನಿಗೆ ಆಗುತ್ತಿದ್ದ ಖುಷಿ ನೋಡಬೇಕಿತ್ತು! ಆದರೆ ಹೊಗಳಿಕೆಯನ್ನೂ ಅವನು ನೆಟ್ಟಗೆ ಹೇಳುತ್ತಿರಲಿಲ್ಲ. ನಾನು ಬಿಡಿಸಿದ ಮೇಲೆ ಏನೂ ಮಾತಾಡದೆ ಪೆನ್ಸಿಲ್ಲನ್ನು ಬ್ಲೇಡಿನಿಂದ ಇನ್ನಷ್ಟು ಚೂಪು ಮಾಡಿ ನನ್ನ ಕೈಗೆ ಕೊಡುತ್ತಿದ್ದ. ಅದನ್ನು ಹೊಗಳಿಕೆ ಎಂದು ನಾನೇ ತಿಳಿದುಕೊಳ್ಳಬೇಕು.

ಇಲ್ಲಿ ಒಂದು ವಿಷಯ ಹೇಳಬೇಕು, ಮುಂದಕ್ಕೆ ಬೇಕಾಗುತ್ತದೆ. ದಾವಣಗೆರೆಗೂ ಹರಿಹರಕ್ಕೂ ಆ ವಾರಪತ್ರಿಕೆ ತರಿಸುತ್ತಿದ್ದವನು ಒಬ್ಬನೇ ಏಜೆಂಟ್. ಅವನ ಮನೆ ಹರಿಹರದಲ್ಲಿ. ಶನಿವಾರ ಸಂಜೆ ರೈಲಿನಲ್ಲಿ ಕಟ್ಟು ಬಂದರೆ ಹರಿಹರದ ಅಂಗಡಿಗೆ ಆಗಲೇ ಹಂಚಿಬಿಡುತ್ತಿದ್ದ. ದಾವಣಗೆರೆಯ ಕಟ್ಟು ಮಾತ್ರ ಅವನ ಮನೆಯ ಜಗಲಿಯ ಮೇಲೆ ರಾತ್ರಿ ಕಳೆದು, ಭಾನುವಾರ ಅವನ ಸ್ನಾನ, ತಿಂಡಿ, ಎಲೆಅಡಿಕೆ ಮುಗಿದ ಮೇಲೆ ಬಸ್ಸು ಹತ್ತಿ ಮಧ್ಯಾಹ್ನದ ಹೊತ್ತಿಗೆ ನಮ್ಮೂರು ಸೇರುತ್ತಿತ್ತು. ದೊಡ್ಡ ಊರಿನವರಿಗೆ ಇದು ಗೊತ್ತೇ ಇರಲಿಲ್ಲ. ಮಾಮ ಕಂಡುಹಿಡಿದ.

ಕಂಡುಹಿಡಿದು ಸುಮ್ಮನಿದ್ದನೇ? ವಾಚನಾಲಯದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದರು, ಪದಬಂಧದಲ್ಲಿ ಮಾಮನಿಗೆ ಸಮಸಮ. ಅವರಿಗೆ ಮಣ್ಣು ಮುಕ್ಕಿಸಬೇಕೆಂದು ಮಾಮ ಶನಿವಾರ ಸಂಜೆ ಹರಿಹರಕ್ಕೆ ಹೋಗತೊಡಗಿದ. ಅಮ್ಮನಿಗೆ ಹೇಳಿದ್ದು ಹರಿಹರೇಶ್ವರನ ದರ್ಶನ ಎಂದು. ಮದುವೆ ಗಿದುವೆ ಎಂದು ಮನಸ್ಸು ತಿರುಗಿತೇನೋ ಎಂಬ ಆಸೆಯಿಂದ ಅಮ್ಮ ಹಣ್ಣುಕಾಯಿ ಕಟ್ಟಿಕೊಟ್ಟಳು. ಮಾಮ ಅಂಗಡಿಯಲ್ಲಿ ಪತ್ರಿಕೆ ಕೊಂಡು, ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಬಿಡಿಸಿ, ಬಾಳೆಹಣ್ಣನ್ನು ತಾನೇ ತಿಂದು ವಾಪಸು ಬಂದ. ಮಾರನೆಯ ದಿನ ವಾಚನಾಲಯದಲ್ಲಿ ಹೊಸ ಪತ್ರಿಕೆ ಬಿಚ್ಚಿದ ಕೂಡಲೇ ಒಂದೇ ಉಸಿರಿಗೆ ಅಷ್ಟೂ ಚೌಕ ತುಂಬಿದ. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ, "ಇದು ಮನುಷ್ಯರ ಕೆಲಸಲ್ಲ ಬಿಡ್ರಿ" ಎಂದರಂತೆ.

ಹೀಗೇ ಕೆಲವು ವಾರ ನಡೆಯಿತು. ಒಂದು ದಿನ ಅಮ್ಮ ಕೇಳಿದಳು: "ಲೇ, ಇಷ್ಟು ಸಲ ಹೋಗಿಬಂದಿ, ದೇವರು ಒಂದು ಚೂರು ಪ್ರಸಾದ ಕೊಡ್ಲಿಲ್ವೇನೋ?"

"ಕೊಟ್ಟ ಅಕ್ಕಾ. ಅಡ್ಡಕ್ಕೂ ಕೊಟ್ಟ, ಉದ್ದಕ್ಕೂ ಕೊಟ್ಟ."

ಅಮ್ಮ ಪತ್ರಿಕೆಯನ್ನು ಅವನ ಅಂಗಿಯೊಳಗಿನಿಂದ ಎಳೆದು ಹಂಡೆಯ ಒಲೆಗೆ ಹಾಕಿದಳು. ಅಲ್ಲಿಗೆ ಮಾಮನ ಹರಿಹರ ಯಾತ್ರೆ ನಿಂತಿತು.

ಇಲ್ಲಿಯವರೆಗೆ ನಕ್ಕವರು ಸ್ವಲ್ಪ ತಡೆಯಿರಿ. ಇನ್ನು ನನ್ನ ಮದುವೆಯ ಕಥೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಇಲಿ ಈ ಪ್ರಬಂಧ ಬರೆಯುತ್ತಿದೆ.

ನನಗೆ ಗಂಡು ನೋಡಲು ಶುರು ಮಾಡಿದಾಗ "ಅಕ್ಕನ ಮಗಳು ಮನೇಲೇ ಐತಲ್ಲ, ನೀವೇ ಕಟ್ಟಿಕೊಳ್ರಿ" ಎಂದವರೂ ಇದ್ದರು. "ಅದು ನಾನು ಎತ್ತಿ ಆಡಿಸಿದ ಕೂಸು" ಎಂದು ಮಾಮ ಅವರನ್ನು ಹೊರಗೆ ಕಳಿಸಿದ. ನೆಟ್ಟಗೆ ಮಾತಾಡಿದ ಅಪರೂಪದ ಸಂದರ್ಭ ಅದು. ಆಮೇಲೆ ತನ್ನದೊಂದು ಕಟ್ಟಳೆ ಹೊರಡಿಸಿದ. ಲೋಕದಲ್ಲಿ ಹೆಣ್ಣಿಗೆ ಹಾಡು ಹೇಳಿಸುತ್ತಾರೆ, ನಡೆಸಿ ನೋಡುತ್ತಾರೆ, ಜಡೆ ನಿಜವೋ ಚವರಿಯೋ ಎಂದು ಎಳೆದೂ ನೋಡುತ್ತಾರೆ. ನಮ್ಮ ಮನೆಯಲ್ಲಿ ಪರೀಕ್ಷೆ ಗಂಡಿಗೆ! ಹೆಣ್ಣು ನೋಡಲು ಬರುವವರು ಭಾನುವಾರ ಸಂಜೆಯೇ ಬರಬೇಕು. ಮಧ್ಯಾಹ್ನ ಬಂದ ವಾರಪತ್ರಿಕೆಯನ್ನು ಮಾಮ ತಾನೂ ತೆರೆಯದೆ, ಸುರುಳಿ ಸುತ್ತಿ, ದಾರ ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಿದ್ದ. ಉಪ್ಪಿಟ್ಟು ಬರುವ ಮೊದಲು ಅದನ್ನು ಹುಡುಗನ ಮುಂದೆ ಬಿಚ್ಚುವುದು. ಬಿಡಿಸಿದರೆ ಹುಡುಗಿ, ಇಲ್ಲದಿದ್ದರೆ ಉಪ್ಪಿಟ್ಟು ಮಾತ್ರ.

ಮೊದಲನೆಯವನು ಚಿತ್ರದುರ್ಗದ ಬ್ಯಾಂಕಿನ ನೌಕರ. ಅಪ್ಪ, ಅಮ್ಮ, ಕಾರು, ಎಲ್ಲ ಸಮೇತ ಬಂದಿದ್ದ. ಮಾಮ ಗಂಟಲು ಸರಿಮಾಡಿಕೊಂಡು ಓದಿದ: "ವಿಷ್ಣುವಿನ ಮಗ್ಗುಲಿಗೆ ಶಿವ ನಿಂತರೆ ರೈಲು ನಿಲ್ಲುತ್ತದೆ. ನಾಲ್ಕು ಅಕ್ಷರ."

ಹುಡುಗನ ಅಪ್ಪ ಹುಬ್ಬು ಗಂಟಿಕ್ಕಿ, "ಯಾರು ನಿಂತರೂ ರೈಲು ಹೆಂಗೆ ನಿಲ್ಲುತ್ತೆ ಸ್ವಾಮಿ? ಚೈನ್ ಎಳೀಬೇಕು" ಎಂದರು. ಬಾಗಿಲ ಹಿಂದೆ ನೀರಿನ ಲೋಟ ಹಿಡಿದು ನಿಂತಿದ್ದ ನನಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು: ಹರಿ, ಹರ, ಹರಿಹರ. ಪಕ್ಕದ ಊರು! ಹುಡುಗ ಬೆವರು ಒರೆಸಿಕೊಂಡು, ಬೆರಳು ಮಡಚಿ ಅಕ್ಷರ ಎಣಿಸಿ, "ಅಪಘಾತ" ಎಂದ. ಶುಭಕಾರ್ಯಕ್ಕೆ ಬಂದ ಮನೆಯಲ್ಲಿ ಮಗನ ಬಾಯಲ್ಲಿ ಎಂಥ ಮಾತು ಬಂತಲ್ಲ ಎಂದು ಅವನ ತಾಯಿ ಸೆರಗು ಸರಿಪಡಿಸಿಕೊಂಡು ಎದ್ದೇಬಿಟ್ಟರು.

ಎರಡನೆಯವನು ಕನ್ನಡ ಎಂ.ಎ., ಉಪನ್ಯಾಸಕ. ಎಲ್ಲವನ್ನೂ ಬಿಡಿಸಿದ! ಆದರೆ ಒಂದು ಸುಳಿವಿನಲ್ಲಿ ದೋಷವಿದೆ ಎಂದ. ಇಲ್ಲ ಎಂದ ಮಾಮ. ಇದೆ ಎಂದ ಅವನು. ದೀಪ ಹಚ್ಚುವ ಹೊತ್ತಾದರೂ ಇಬ್ಬರ ವಾದ ಮುಗಿಯಲಿಲ್ಲ. ಹುಡುಗಿಯನ್ನು ನೋಡುವುದು ಇಬ್ಬರಿಗೂ ಮರೆತು ಹೋಗಿ, ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಅವನು ಓಡಿದ. ಆಮೇಲೆ ಆಗಾಗ ಭಾನುವಾರ ಬರುತ್ತಿದ್ದ, ಪದಬಂಧಕ್ಕೆ. ನನ್ನ ಕೈಯ ಉಪ್ಪಿಟ್ಟು ತಿಂದು ಹೊಗಳುತ್ತಿದ್ದ. ಒಂದು ಭಾನುವಾರ ತನ್ನ ಲಗ್ನಪತ್ರಿಕೆ ಕೊಟ್ಟು ಹೋದ, ಬೇರೆ ಹುಡುಗಿಯ ಜೊತೆ.

ಅಷ್ಟು ಹೊತ್ತಿಗೆ ಸುದ್ದಿ ಊರೂರಿಗೆ ಹಬ್ಬಿತ್ತು. "ಆ ಮನೆಗೆ ಹೆಣ್ಣು ನೋಡಾಕ ಹೋದ್ರೆ ಪರೀಕ್ಷಿ ಇಡ್ತಾರಂತೆ!" ಅದನ್ನು ಕೇಳಿಯೂ ಒಂದು ಸಂಬಂಧ ಬಂತು, ಲೋಕಿಕೆರೆಯಿಂದ. ಹೊಲಮನೆಯ ಕುಳ. ಆ ಹುಡುಗ ನಾನು ನೀರು ಕೊಟ್ಟಾಗ ಲೋಟ ತೆಗೆದುಕೊಂಡು, ನನ್ನ ಮುಖ ನೋಡಿ, ಸಣ್ಣಗೆ ನಕ್ಕಿದ್ದ. ನನಗೆ ಹಿಡಿಸಿದ್ದ. ಹೌದು, ಹಿಡಿಸಿದ್ದ, ಈಗ ಹೇಳಲು ಯಾರ ಹೆದರಿಕೆ? ಮಾಮ ದೇವರ ಗೂಡಿನಿಂದ ಸುರುಳಿ ತಂದದ್ದೇ ತಡ, ಹುಡುಗನ ಅಪ್ಪ ಟವಲ್ಲು ಕೊಡವಿ ಎದ್ದು ನಿಂತರು. "ನಮ್ಮ ಹುಡುಗಗೆ ಹೊಲ ಬಿತ್ತಾಕ ಬರ್ತೈತ್ರಿ, ಚೌಕ ತುಂಬಾಕ ಬರಲ್ಲ. ನಡೀರಿ ಎಲ್ಲಾರೂ." ಹುಡುಗನೂ ಎದ್ದ. ಮಾಮ ಬಾಗಿಲಲ್ಲಿ ಬಹಳ ಹೊತ್ತು ನಿಂತು ಅವರು ಹೋದ ದಾರಿ ನೋಡುತ್ತಿದ್ದ. ಗೆದ್ದ ಖುಷಿ ಇನ್ನೂ ಇಳಿದಿಲ್ಲ ಎಂದುಕೊಂಡೆ. ಅವತ್ತು ಅವನ ಮೇಲೆ ಬಂದ ಸಿಟ್ಟು ನನ್ನ ಹೊಟ್ಟೆಯಲ್ಲಿ ಮನೆ ಕಟ್ಟಿಕೊಂಡಿತು.

ನೀವೇ ಹೇಳಿ, ಪದಬಂಧ ಬಿಡಿಸುವವರು ಮನೆಗೆ ಬೇಕೇ ಬೇಕು ಎಂದಿದ್ದರೆ ನಾನಿರಲಿಲ್ಲವೇ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ! ಬಂದವರ ಮುಂದೆ ಮಾಮ ಓದಿದ ಸುಳಿವಿಗೆಲ್ಲ ಉತ್ತರ ಗೊತ್ತಿದ್ದವಳು ಬಾಗಿಲ ಹಿಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಸಂಬಂಧಗಳು ಬರುವುದೇ ನಿಂತಿತು. ನಾನು ಒಂದು ಹುಡುಗಿಯರ ಶಾಲೆಯಲ್ಲಿ ಟೆಂಪರರಿ ಟೀಚರಾದೆ. ನನಗಿಂತ ಚಿಕ್ಕವರೆಲ್ಲ ಬಾಣಂತನಕ್ಕೆ ತವರಿಗೆ ಬಂದು, ನನ್ನನ್ನು ಕಂಡು "ಇನ್ನೂ ಏನೂ ಆಗಿಲ್ವಾ?" ಎಂದು ಕೇಳಿ, ಮಗುವಿನ ಟೋಪಿ ಸರಿ ಮಾಡುತ್ತಿದ್ದರು. ಅಮ್ಮ ಮಾಮನ ಜೊತೆ ಮಾತು ಬಿಟ್ಟಳು. "ನಿಮ್ಮ ಮಾಮಗೆ ಊಟಕ್ಕೆ ಬರಾಕ ಹೇಳು" ಎಂದು ನನ್ನ ಮುಖಾಂತರ ಹೇಳಿಸುತ್ತಿದ್ದಳು, ಮಾಮ ಎರಡಡಿ ದೂರದಲ್ಲೇ ಕೂತಿದ್ದರೂ. ನಾನೂ ಪದಬಂಧ ಮುಟ್ಟುವುದನ್ನು ಬಿಟ್ಟೆ. ಮಾಮ ಒಬ್ಬನೇ ಕೂತು ಬಿಡಿಸುತ್ತಿದ್ದ.

ಅಂಥ ಹೊತ್ತಿನಲ್ಲಿ ಹರಿಹರದಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಐ.ಟಿ.ಐ. ಓದು. ನನ್ನನ್ನು ಬಂಧುಗಳ ಒಂದು ಮದುವೆಯಲ್ಲಿ ನೋಡಿದ್ದನಂತೆ. ತಾನೇ ಕೇಳಿಸಿದ್ದ. ನೀವು ಜಾಣರು, ಮುಂದೇನಾಯಿತೆಂದು ಈಗಲೇ ಹೊಳೆದಿರಬೇಕು!

ಭಾನುವಾರ ಬಂದರು. ಹುಡುಗ ಚಾಪೆಯ ತುದಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಕರಿ. ತುಟಿ ಏನೋ ಪಿಟಿಪಿಟಿ ಎನ್ನುತ್ತಿತ್ತು. ದೇವರ ಸ್ತೋತ್ರ ಇರಬೇಕು ಎಂದುಕೊಂಡೆ. ಮಾಮ ದಾರ ಬಿಚ್ಚಿ, ಕೊನೆಯ ಪುಟ ತೆರೆದು, ಕನ್ನಡಕ ಏರಿಸಿ, "ಎಡದಿಂದ ಬಲಕ್ಕೆ. ಒಂದು" ಎಂದ.

"ಸಮರಸ" ಎಂದ ಹುಡುಗ.

ಮಾಮ ಕನ್ನಡಕದ ಮೇಲಿನಿಂದ ನೋಡಿದ. "ನಾ ಇನ್ನೂ ಸುಳಿವು ಓದಿಲ್ಲ ತಮ್ಮಾ."

"ಓದ್ರಿ. ನಾ ಕಾಯ್ತೀನಿ."

ಮಾಮ ಮುಂದಿನದಕ್ಕೆ ಹೋಗಿ, ಬಾಯಿ ತೆರೆಯುವುದರೊಳಗೆ ಹುಡುಗ "ನಗರ" ಎಂದ. ಆರು ಎಂದರೆ "ನವಜೀವನ" ಎಂದ. ಆಮೇಲೆ ಮಾಮ ಬೇಕೆಂದೇ ಒಂದನ್ನು ಬಿಟ್ಟು ಮುಂದಿನದನ್ನು ಕೇಳಿದ. ಹುಡುಗ ತಡವರಿಸಿದ. ಕಣ್ಣು ಮುಚ್ಚಿ, ಮಗ್ಗಿ ಮರೆತ ಹುಡುಗರ ಹಾಗೆ ಮೊದಲಿನಿಂದ ಪಿಟಿಪಿಟಿ ಶುರು ಮಾಡಿ, ಅಲ್ಲಿಗೆ ಬಂದು ಮುಟ್ಟಿ, "ಕನಕ" ಎಂದು ಉಸಿರು ಬಿಟ್ಟ!

ಕುರುಡನಿಗೂ ಕಾಣುವ ಮೋಸ. ಹಾವಿನ ಹೆಜ್ಜೆ ಹಾವೇ ಬಲ್ಲದು ಎನ್ನುತ್ತಾರೆ. ಹರಿಹರದ ದಾರಿ ಮಾಮನೇ ತುಳಿದ ದಾರಿ. ಈಗ ಹಿಡಿಯುತ್ತಾನೆ, ಈಗ ಎಬ್ಬಿಸಿ ಕಳಿಸುತ್ತಾನೆ ಎಂದು ನಾನು ಕಾದೆ. ಮಾಮ ಪತ್ರಿಕೆ ಮಡಚಿದ. ಅಷ್ಟು ತಿಂಗಳಾದ ಮೇಲೆ ಮೊದಲ ಸಲ ನೇರವಾಗಿ ಅಮ್ಮನ ಕಡೆ ತಿರುಗಿ, "ಅಕ್ಕಾ, ಉಪ್ಪಿಟ್ಟು ತಗೊಂಬಾ. ಹುಡುಗ ನಮಗೆ ಒಪ್ಪಿಗೆ" ಎಂದ.

ಅಮ್ಮ ಅಳುತ್ತಲೇ ಕೇಸರಿಬಾತಿಗೆ ಇನ್ನೊಂದು ಚಮಚ ತುಪ್ಪ ಸುರಿದಳು. ನನಗೆ ಮಾತ್ರ ಎಲ್ಲ ಅರ್ಥವಾಯಿತು. ಎಂ.ಎ. ಓದಿದವನ ಜೊತೆ ವಾದಕ್ಕೆ ಕೂತು ನನ್ನನ್ನೇ ಮರೆತ, ನನಗೆ ಹಿಡಿಸಿದವನನ್ನು ಬಾಗಿಲಿಂದ ಆಚೆ ಹಾಕಿದ ಆ ಮನುಷ್ಯನಿಗೆ ಈಗ ನಾನು ಭಾರವಾಗಿದ್ದೆ. ಕಳ್ಳನೋ ಸುಳ್ಳನೋ, ಯಾರಾದರೂ ಕಟ್ಟಿಕೊಂಡು ಹೋದರೆ ಸಾಕಾಗಿತ್ತು. ಮದುವೆಯಾಗಿ ಹೊರಡುವಾಗ ಎಲ್ಲರೂ ಅತ್ತರು. ಮಾಮ ಅಳಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ. ಎರಡೂ ತುದಿ ಚೂಪು ಮಾಡಿದ ಒಂದು ಪೆನ್ಸಿಲ್ಲನ್ನು ನನ್ನ ಕೈಗಿಟ್ಟ. ನಾನು ಅದನ್ನು ಪೆಟಿಕೋಟಿಗೆ ಲಾಡಿ ಪೋಣಿಸಲು ಇಟ್ಟುಕೊಂಡೆ. ಅಷ್ಟೇ ಅದಕ್ಕೆ ಕೊಟ್ಟ ಮರ್ಯಾದೆ.

ಹರಿಹರಕ್ಕೆ ಬಂದು ಕೆಲವು ದಿನವಾದ ಮೇಲೆ ಕೇಳಿದೆ: "ಅವತ್ತು ಉತ್ತರ ಎಲ್ಲ ಮೊದಲೇ ಓದ್ಕೊಂಡು ಬಂದಿದ್ರಿ ಅಲ್ವಾ?"

ಇವರು ಮುಖ ಮುಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ಹ್ಞೂಂ ಮತ್ತ" ಎಂದರು. "ಶನಿವಾರ ಸಂಜಿಗೇ ತಗೊಂಡೆ. ಕ್ಯಾಂಟೀನಿನಾಗೆ ನಮ್ಮವರೆಲ್ಲ ಕೂಡಿ ಜಗಳಾಡ್ಕೋತ ಬಿಡಿಸಿಕೊಟ್ರು. ಪರೀಕ್ಷಿ ಐತೆ ಅಂದ ಮ್ಯಾಲೆ ಓದದೆ ಹೆಂಗ ಬರ್ಲಿ?"

ನಾಚಿಕೆಯೇ ಇಲ್ಲ! ಅಷ್ಟು ಉದ್ದದ ಮಾತನ್ನು ಅವರು ಆಡಿದ್ದು ಅದೇ ಮೊದಲು, ಬಹಳ ವರ್ಷ ಅದೇ ಕೊನೆ. ಅವರ ಮಾತೆಲ್ಲ 'ಹ್ಞೂಂ', 'ಹ್ಞಾಂ', ಬಿಟ್ಟರೆ 'ಶಿಫ್ಟು'. ಬೆಳೆದದ್ದು ನೆಟ್ಟಗೆ ಮಾತಾಡದವನ ಮನೆಯಲ್ಲಿ, ಬಾಳುವೆ ಮಾತೇ ಆಡದವರ ಜೊತೆ. ಒಳ್ಳೆಯ ಮನುಷ್ಯ ಅಲ್ಲ ಎಂದು ಹೇಳಲಾರೆ. ಕುಡಿಯಲಿಲ್ಲ, ಬೈಯಲಿಲ್ಲ, ನನಗೆ ಜ್ವರ ಬಂದಾಗ ಗಂಜಿ ಕಾಯಿಸಿದರು, ಉಪ್ಪು ಮರೆತರು. ಆದರೆ ಪ್ರತಿ ಶನಿವಾರ ಸಂಜೆ ತಪ್ಪದೆ ಆ ವಾರಪತ್ರಿಕೆ ತಂದು ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕ ಇಡುತ್ತಿದ್ದರು. ತಾವು ಒಂದು ಚೌಕವನ್ನೂ ತುಂಬುತ್ತಿರಲಿಲ್ಲ. ನನ್ನನ್ನು ಹೇಗೆ ಗೆದ್ದೆ ಎಂದು ವಾರ ವಾರ ನೆನಪಿಸುತ್ತಿದ್ದಾರೆ ಎಂದು ನನ್ನ ಮೈ ಉರಿಯುತ್ತಿತ್ತು. ಆ ಉರಿಯಲ್ಲೇ ಲಾಡಿ ಪೋಣಿಸುವ ಪೆನ್ಸಿಲ್ಲಿನಿಂದಲೇ ಅಷ್ಟೂ ತುಂಬಿ ಮತ್ತೆ ಗೂಡಿಗೆ ಎಸೆಯುತ್ತಿದ್ದೆ. ಅವರು ತೆಗೆದು ನೋಡಿ "ಆತಾ?" ಎನ್ನುತ್ತಿದ್ದರು. "ಆತು" ಎನ್ನುತ್ತಿದ್ದೆ. ನಮ್ಮ ಸಂಭಾಷಣೆ ಅಷ್ಟೇ.

ತವರಿಗೆ ಹೋದರೆ ಅಮ್ಮನ ಜೊತೆ ಕೂತು ಬರುತ್ತಿದ್ದೆ. ಮಾಮನ ಜೊತೆ ಊಟ, ಆರೋಗ್ಯ, ಬಿಸಿಲು. ಅವನಾಗಿ ಏನೂ ಹೇಳಲಿಲ್ಲ, ನಾನಾಗಿ ಏನೂ ಕೇಳಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಾಮನಿಗೆ ಉಬ್ಬಸ ಜೋರಾಗಿ ಆಸ್ಪತ್ರೆ ಸೇರಿದ. ಒಂದು ಮಧ್ಯಾಹ್ನ ಅಮ್ಮ ಮನೆಗೆ ಹೋಗಿದ್ದಾಗ ನಾನು ಅವನ ಮಂಚದ ಪಕ್ಕ ಕೂತಿದ್ದೆ. ಎದೆ ಏರಿ ಇಳಿಯುತ್ತಿತ್ತು. ಕೈ ತಗಡಿನ ಹಾಗೆ ತೆಳ್ಳಗಾಗಿತ್ತು. ಕರುಣೆ ಬರಬೇಕಿತ್ತು, ನನಗೆ ಹಳೆಯ ಸಿಟ್ಟೇ ಬಂತು. ಇನ್ನು ಯಾವಾಗ ಕೇಳುವುದು?

"ಮಾಮ, ಇವರು ನೋಡಾಕ ಬಂದಾಗ ಸುಳಿವು ಓದೋಕೆ ಮುಂಚೇನೇ ಉತ್ತರ ಹೇಳಿದ್ರು. ನಿನಗೆ ಗೊತ್ತಾಗಲಿಲ್ಲೇನು?"

"ಗೊತ್ತಾಗದೇ ಏನು? ಹರಿಹರಕ್ಕೆ ಒಂದು ದಿನ ಮೊದಲು ಬರ್ತೈತೆ ಅಂತ ಕಂಡುಹಿಡಿದವನೇ ನಾನು."

"ಗೊತ್ತಿದ್ದೂ ಕೊಟ್ಯಾ? ಅಷ್ಟು ಬ್ಯಾಸರ ಬಂದಿತ್ತಾ ನನ್ನ ಮ್ಯಾಲೆ? ತೊಲಗಿದ್ರೆ ಸಾಕು ಅನಿಸಿತ್ತಾ?"

ಈಗೊಂದು ಸುಳಿವು ಒಗೆಯುತ್ತಾನೆ, ಎಷ್ಟು ಅಕ್ಷರ ಎಂದೂ ಹೇಳುತ್ತಾನೆ ಎಂದು ಹಲ್ಲು ಕಚ್ಚಿಕೊಂಡು ಕೂತೆ.

"ಇಲ್ಲವ್ವಾ" ಎಂದ. ಉಸಿರು ಎಳೆದುಕೊಂಡು ಎಳೆದುಕೊಂಡು, ತುಂಡು ತುಂಡಾಗಿ ಹೇಳಿದ. "ಮೊದ್ಲು ಬಂದವರೆಲ್ಲ ಹೆಂಗಿದ್ರೋ ಹಂಗೇ ಬಂದ್ರು. ಉಪ್ಪಿಟ್ಟು ತಿಂದ್ರು. ನಿನ್ನ ಮ್ಯಾಲಿಂದ ಕೆಳಗೆ ನೋಡಿದ್ರು. ಲೋಕಿಕೆರೆ ಹುಡುಗ ನಿನಗೆ ಒಪ್ಪಿಗಿ ಆಗಿದ್ದ, ನಂಗೆ ಗೊತ್ತಿತ್ತು. ಒಂದು ಸಲ ತಿರುಗಿ ನೋಡಿದ್ರೆ ಸಾಕು, ಓಡಿಹೋಗಿ ಕರ್ಕೊಂಡು ಬರ್ತಿದ್ದೆ. ಬಾಗಿಲಾಗೇ ನಿಂತಿದ್ದೆ. ಅವ ನೋಡ್ಲಿಲ್ಲ."

ನಾನು ಅವನ ತಲೆದಿಂಬನ್ನು ಸ್ವಲ್ಪ ಎತ್ತರಿಸಿದೆ.

"ಈ ಹುಡುಗಗೆ ಒಂದಕ್ಷರಾನೂ ಅರ್ಥ ಆಗಿರ್ಲಿಲ್ಲ. ಆದ್ರೂ ಅಷ್ಟೂ ಕಲ್ತು ಬಂದಿದ್ದ. ನಿನ್ನ ಸಲುವಾಗಿ ಓದಿದವ ಅವನೊಬ್ಬನೇ. ನಾನು ಹರಿಹರಕ್ಕೆ ಹೋಗಿದ್ದು ಮೇಷ್ಟ್ರ ಸೊಕ್ಕು ಮುರಿಯಾಕ. ನಂಗೇ ನಾಚಿಕಿ ಆತು. ಅದಕ್ಕೇ ಕೊಟ್ಟೆ."

"ಇದನ್ನ ಆಗಲೇ ಬಾಯಿಬಿಟ್ಟು ಹೇಳಾಕ ಏನಾಗಿತ್ತು ಮಾಮ ನಿನಗೆ?"

"ನೀ ಕೇಳಿದ್ರೆ ಹೇಳ್ತಿದ್ದೆ" ಎಂದು ಕಣ್ಣು ಮುಚ್ಚಿದ. ಉಸಿರು ಸಾಲಲಿಲ್ಲವೋ, ಇನ್ನು ಹೇಳುವುದು ಇರಲಿಲ್ಲವೋ. ಬದುಕಿಡೀ ಸುತ್ತಿ ಬಳಸಿದವನು ಕೊನೆಗೊಮ್ಮೆ ನೆಟ್ಟಗೆ ಮಾತಾಡಿದರೆ, ಕೇಳುವವರು ಅದಕ್ಕೆ ಅಳದೆ ಇನ್ನೇನು ಮಾಡಬೇಕು?

ಅವತ್ತು ಶನಿವಾರ. ಹರಿಹರದ ಮನೆಗೆ ಬಂದಾಗ ಸಂಜೆಯಾಗಿತ್ತು. ವಾರಪತ್ರಿಕೆ ಸಾಸಿವೆ ಡಬ್ಬಿಯ ಪಕ್ಕ ಆಗಲೇ ಬಂದು ಕೂತಿತ್ತು. ಇವರು ಶಿಫ್ಟು ಮುಗಿಸಿ ಬಂದು ಬಚ್ಚಲಲ್ಲಿ ಸೋಪಿನ ಪುಡಿ ಹಾಕಿ ಕೈಯ ಕರಿ ಉಜ್ಜುತ್ತಿದ್ದರು.

"ಇದನ್ನ ಯಾಕ ತರ್ತೀರಿ ವಾರ ವಾರ?" ಎಂದೆ.

"ನಿನಗೆ ಬೇಕಲ್ಲ" ಎಂದರು, ಉಜ್ಜುವುದನ್ನು ನಿಲ್ಲಿಸದೆ. "ದಾವಣಗೆರಿಯಾಗೆ ನಾಳೆ ಬರ್ತೈತೆ. ಇಲ್ಲಿದ್ರೆ ನಿನಗೆ ಒಂದು ದಿನ ಮೊದಲು."

ಬಚ್ಚಲ ಬಾಗಿಲ ಚೌಕಟ್ಟು ಹಿಡಿದು ನಿಂತು, ಬಾಯಿಗೆ ಬಂದದ್ದನ್ನು ಕೇಳಿದೆ: "ಅವತ್ತು ಓದ್ಕೊಂಡು ಬಂದಿದ್ರಲ್ಲ, ಅದು ನೆನಪೈತಾ?"

ಇವರ ಕೈ ನಿಂತಿತು. ನಲ್ಲಿ ನಿಲ್ಲಿಸಿದರು. ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡೇ, ಗೋಡೆ ನೋಡುತ್ತ, ಶಾಲೆಯ ಹುಡುಗನ ಹಾಗೆ ಶುರು ಮಾಡಿದರು: "ಅಡ್ಡ. ಒಂದು, ಸಮರಸ. ಮೂರು, ನಗರ. ಆರು, ನವಜೀವನ..." ಒಂದೊಂದಾಗಿ, ಸರಸರ, ಅಡ್ಡದ್ದೆಲ್ಲ ಮುಗಿಸಿ ಉದ್ದಕ್ಕೆ ಬಂದರು. ನಡುವೆ ಎಲ್ಲೋ ಒಂದು ಕಡೆ ತಪ್ಪಿತು. ತುಟಿ ಪಿಟಿಪಿಟಿ ಎಂದಿತು, ಸಿಗಲಿಲ್ಲ.

"ತಡಿ, ತಡಿ, ಹೇಳಿಕೊಡಬ್ಯಾಡ" ಎಂದರು. ಮತ್ತೆ ಒಂದರಿಂದ ಶುರು ಮಾಡಿದರು. ನಾನು ಒಲೆಯ ಉರಿ ಸಣ್ಣ ಮಾಡಿ ಬಂದು, ಹೊಸ್ತಿಲ ಮೇಲೆ ಕೂತು ಕೇಳತೊಡಗಿದೆ.